ಹೊಟ್ಟೆಯಡಿಯ ಅಕ್ಷರಗಳು

ಚರಿತ್ರೆ ಬರೆಯುವವರು ಶಿಲಾಶಾಸನಗಳನ್ನು, ತಾಮ್ರಪಟಗಳನ್ನು, ಹಳೆಯ ನಾಣ್ಯಗಳನ್ನು ಹುಡುಕುವುದು ವಾಡಿಕೆ. ಅವು ಬಹುಕಾಲ ಬಾಳುವ ವಸ್ತುಗಳು. ಯಾರು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಅವುಗಳ ಮೈಮೇಲೆಯೇ ಉತ್ತರ ಕೆತ್ತಿರುತ್ತದೆ. ಈ ಲೆಕ್ಕದಲ್ಲಿ ಜಾತ್ರೆಯ ಸಂತೆಯಲ್ಲಿ ಚೀಲಕ್ಕೆ ಡಜನ್ನಿನಂತೆ ಮಾರುವ ಪ್ಲಾಸ್ಟಿಕ್ ಡೈನೋಸಾರನ್ನೂ ಒಂದು ಶಾಸನವೆಂದೇ ಎಣಿಸಬೇಕಾಗುತ್ತದೆ. ಅದಕ್ಕೆ ಗೆದ್ದಲು ಹಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಬೊಂಬೆಯನ್ನು ಮಗುಚಿ ಹೊಟ್ಟೆಯ ಅಡಿಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರಾಣಿಯ ಹೆಸರು, ತಯಾರಾದ ದೇಶ, ಕೆಲವೊಮ್ಮೆ ಕಂಪೆನಿಯ ಹೆಸರು, ಅಪರೂಪಕ್ಕೆ ಇಸವಿ ಕೂಡ ಉಬ್ಬಕ್ಷರಗಳಲ್ಲಿ ಕಾಣಿಸುತ್ತವೆ. ಶಾಸನಗಳಲ್ಲಿರುವಂತೆಯೇ ಇಲ್ಲಿಯೂ ಅಕ್ಷರದೋಷಗಳಿರುತ್ತವೆ, ಸವೆದ ಸಾಲುಗಳಿರುತ್ತವೆ, ಬೇಕೆಂದೇ ಅಳಿಸಿಹಾಕಿದ ಹೆಸರುಗಳಿರುತ್ತವೆ.

ಬಿ.ಎ.ಯಲ್ಲಿ ಚರಿತ್ರೆ ಓದಿ ಬ್ಯಾಂಕಿನ ಕೌಂಟರಿಗೆ ಬಂದು ಕುಳಿತ ನನಗೆ ನಿಜವಾದ ಶಾಸನಗಳ ಸಹವಾಸ ದೊರೆಯಲಿಲ್ಲ. ದೊರೆತದ್ದು ಈ ಬೊಂಬೆಗಳು. ನಾನು ಹುಡುಗನಾಗಿದ್ದ ಕಾಲಕ್ಕೆ ನಮ್ಮ ಕಾಸರಗೋಡು ಸೀಮೆಯಲ್ಲಿ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಸಾಬೂನು, ಟಾಂಗ್ ಪುಡಿಯ ಜೊತೆಗೆ ಮಕ್ಕಳ ಆಟಿಕೆಗಳೂ ಇರುತ್ತಿದ್ದವು. ಶಾರ್ಜಾದಿಂದ ಬಂದ ಅಂಥ ಒಂದು ಹಸುರು ಪ್ರಾಣಿಯ ಹೊಟ್ಟೆಯಲ್ಲಿ ‘ಹಾಂಗ್‌ಕಾಂಗ್’ ಎಂದು ಬರೆದಿತ್ತು. ಆ ಬರಹದ ಅರ್ಥವನ್ನು ಹುಡುಕುತ್ತ ಹೋದದ್ದರ ಫಲ ಈ ಲೇಖನ. ಈಗ ನನ್ನಲ್ಲಿ ಮುನ್ನೂರಕ್ಕೂ ಮಿಕ್ಕಿ ಬೊಂಬೆಗಳಿವೆ. ಹೆಚ್ಚಿನವು ಕುಂಬಳೆ ಬೆಡಿಯ ಸಂತೆ, ಫ್ಯಾನ್ಸಿ ಅಂಗಡಿ, ಗುಜರಿ ಅಂಗಡಿಗಳಲ್ಲಿ ಸಿಕ್ಕಿದ ಅಗ್ಗದ ಮಾಲು. ಬೆಲೆಬಾಳುವವು ಕೈಬೆರಳೆಣಿಕೆಯಷ್ಟು, ಅವುಗಳ ಬೆಲೆಯನ್ನು ನಾನು ಮನೆಯಲ್ಲಿ ಹೇಳಿಲ್ಲವಾದ್ದರಿಂದ ಇಲ್ಲಿಯೂ ಹೇಳುವುದಿಲ್ಲ.

‘ಡೈನೋಸಾರ್’ ಎಂಬ ಪದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಇಂಗ್ಲೆಂಡಿನ ರಿಚರ್ಡ್ ಓವೆನ್ 1842ರಲ್ಲಿ ಅದನ್ನು ಅಚ್ಚಿನಲ್ಲಿ ತಂದ. ಹನ್ನೆರಡೇ ವರ್ಷಗಳಲ್ಲಿ, 1854ರಲ್ಲಿ, ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಲಂಡನ್ನಿನ ದಕ್ಷಿಣದ ಸಿಡೆನ್‌ಹ್ಯಾಮಿನಲ್ಲಿ, ಕ್ರಿಸ್ಟಲ್ ಪ್ಯಾಲೆಸ್ಸಿನ ಉದ್ಯಾನದಲ್ಲಿ, ಈ ಪ್ರಾಣಿಗಳನ್ನು ಜೀವಪ್ರಮಾಣದಲ್ಲಿ ಕಟ್ಟಿ ನಿಲ್ಲಿಸಿದ. ಅವು ಇಂದಿಗೂ ಅಲ್ಲಿವೆ. ಅದೇ ಹಾಕಿನ್ಸನ ಪುಟ್ಟ ಮಾದರಿಗಳನ್ನು ಮುಂದೆ ಅಮೆರಿಕದ ರೋಚೆಸ್ಟರಿನಲ್ಲಿ ಹೆನ್ರಿ ವಾರ್ಡ್ ಎಂಬವನ ಸಂಸ್ಥೆ ಶಾಲೆ ಕಾಲೇಜುಗಳಿಗೆ ಮಾರಿತು. ಮನೆಯ ಮೇಜಿನ ಮೇಲೆ ಇಡಬಹುದಾದ ಡೈನೋಸಾರ್‌ಗಳ ವಂಶಾವಳಿಯನ್ನು ಅಲ್ಲಿಂದ ಹಿಡಿಯಬಹುದು.

ಆ ವಂಶಕ್ಕೆ ಹುಟ್ಟಿನಿಂದಲೇ ಒಂದು ದೋಷ ಅಂಟಿಕೊಂಡಿತ್ತು. ಹಾಕಿನ್ಸನ ಇಗ್ವಾನೊಡಾನ್ ಖಡ್ಗಮೃಗದಂತೆ ನಾಲ್ಕು ಕಾಲಿನ ಮೇಲೆ ನಿಂತಿದೆ, ಮೂಗಿನ ಮೇಲೆ ಒಂದು ಕೊಂಬು ಇದೆ. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ದೊರೆತ ಮೇಲೆ, ಕೊಂಬೆಂದುಕೊಂಡದ್ದು ಮುಂಗಾಲಿನ ಹೆಬ್ಬೆರಳು ಎಂದು ತಿಳಿಯಿತು. ಪುಸ್ತಕವನ್ನಾದರೆ ಮರುಮುದ್ರಣದಲ್ಲಿ ತಿದ್ದಬಹುದು. ಸಿಮೆಂಟಿನ ಪ್ರಾಣಿಯ ಮೂಗಿನಿಂದ ಕೊಂಬು ಕೀಳುವವರು ಯಾರು? ಆ ಕೊಂಬು ಅಲ್ಲಿಯೇ ಉಳಿಯಿತು. ಬೊಂಬೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಇದೇ: ವಿದ್ವಾಂಸರು ಅಭಿಪ್ರಾಯ ಬದಲಿಸುತ್ತಾರೆ, ಅಚ್ಚು ಬದಲಿಸುವುದಿಲ್ಲ.

ಇಲ್ಲಿ ‘ನಕಲು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದ ಉಕ್ಕಿನ ಧಣಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಅಗೆದು ತೆಗೆದ ಡಿಪ್ಲೊಡೊಕಸ್ ಪ್ರಾಣಿಯ ಎಲುಬುಗಳು ಪಿಟ್ಸ್‌ಬರ್ಗಿನ ಮ್ಯೂಸಿಯಮ್ಮಿನಲ್ಲಿದ್ದವು. ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್ ಅದನ್ನು ಮೆಚ್ಚಿಕೊಂಡನೆಂದು ಕಾರ್ನೆಗಿ ಎಲುಬುಗಳಿಗೆಲ್ಲ ಅಚ್ಚು ತೆಗೆಸಿ, ಗಾರೆಯಲ್ಲಿ ಎರಕ ಹೊಯ್ಯಿಸಿ, 1905ರಲ್ಲಿ ಲಂಡನ್ನಿಗೆ ಉಡುಗೊರೆಯಾಗಿ ಕಳಿಸಿದ. ಆಮೇಲೆ ಬರ್ಲಿನ್, ಪ್ಯಾರಿಸ್, ವಿಯೆನ್ನಾ ಮುಂತಾದ ನಗರಗಳಿಗೂ ಅದೇ ಅಚ್ಚಿನ ಪ್ರತಿಗಳು ಹೋದವು. ಲಂಡನ್ನಿನ ಜನ ತಲೆಮಾರುಗಟ್ಟಲೆ ಬೆರಗಿನಿಂದ ನೋಡಿದ ‘ಡಿಪ್ಪಿ’ ಒಂದು ಪ್ರತಿ. ಅದನ್ನು ಯಾರೂ ಕಳ್ಳಮಾಲು ಎನ್ನಲಿಲ್ಲ, ಅದರ ಹಿಂದೆ ಕೋಟ್ಯಧೀಶನ ಹೆಸರೂ ದೊರೆಯ ಸ್ವೀಕಾರವೂ ಇದ್ದವಲ್ಲ. ಇದೇ ಕೆಲಸವನ್ನು ಅರುವತ್ತು ವರ್ಷಗಳ ಮೇಲೆ ಹಾಂಗ್‌ಕಾಂಗಿನ ಹಿತ್ತಲ ಕಾರ್ಖಾನೆಯವನು ನಾಲ್ಕಂಗುಲದ ಅಳತೆಯಲ್ಲಿ ಮಾಡಿದಾಗ ಲೋಕ ಬೇರೆ ಹೆಸರಿಟ್ಟು ಕರೆಯಿತು. ಎರಡೂ ಒಂದೇ ಎಂದು ವಾದಿಸುವುದಿಲ್ಲ. ಒಬ್ಬ ತನ್ನ ಸೊತ್ತಿನ ಪ್ರತಿ ಮಾಡಿದ, ಇನ್ನೊಬ್ಬ ಪರರ ಸೊತ್ತಿನದು. ಆದರೆ ಕೈಕೆಲಸ ಒಂದೇ.

ಡೈನೋಸಾರನ್ನು ಮ್ಯೂಸಿಯಮ್ಮಿನಿಂದ ಬೀದಿಗೆ ತಂದವರಲ್ಲಿ ಅಮೆರಿಕದ ಸಿಂಕ್ಲೇರ್ ಎಂಬ ಪೆಟ್ರೋಲ್ ಕಂಪೆನಿಗೆ ದೊಡ್ಡ ಪಾಲಿದೆ. ತನ್ನ ಎಣ್ಣೆ ಎಷ್ಟು ಪ್ರಾಚೀನವಾದದ್ದು ಎಂದು ತೋರಿಸಲು 1930ರಲ್ಲಿ ಅದು ಜಾಹೀರಾತಿನಲ್ಲಿ ಡೈನೋಸಾರ್‌ಗಳ ಚಿತ್ರ ಹಾಕತೊಡಗಿತು. ಜನಕ್ಕೆ ಹಿಡಿಸಿದ್ದು ಸಾಧು ಮುಖದ ಬ್ರಾಂಟೋಸಾರಸ್. ಹಸುರು ಬಣ್ಣದ ಆ ಪ್ರಾಣಿ ಕಂಪೆನಿಯ ಲಾಂಛನವೇ ಆಯಿತು. 1964-65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸಿಂಕ್ಲೇರ್ ಕಂಪೆನಿ ಜೀವಪ್ರಮಾಣದ ಒಂಬತ್ತು ಪ್ರಾಣಿಗಳನ್ನು ನಿಲ್ಲಿಸಿತು. ಲೂಯಿ ಪಾಲ್ ಜೋನಾಸ್ ಎಂಬ ಶಿಲ್ಪಿ ಮಾಡಿದ ಅವನ್ನು ದೋಣಿಯ ಮೇಲೆ ಹಡ್ಸನ್ ನದಿಯಲ್ಲಿ ತೇಲಿಸಿಕೊಂಡು ತಂದಿದ್ದರು. ಮೇಳದಲ್ಲಿ ಒಂದು ಯಂತ್ರವಿತ್ತು: 25 ಸೆಂಟಿನ ನಾಣ್ಯ ಹಾಕಿದರೆ ಎರಡು ಅಚ್ಚುಗಳು ಬಂದು ಕೂಡಿಕೊಂಡು ಕಣ್ಣೆದುರೇ ಒಂದು ಡೈನೋಸಾರ್ ಎರಕವಾಗಿ, ಇನ್ನೂ ಬಿಸಿಯಿರುವಾಗಲೇ ಮಗುವಿನ ಕೈಗೆ ಬರುತ್ತಿತ್ತು. ಎರೆಯಪ್ಪದ ಹಾಗೆ ಎಂದು ಬೇಕಾದರೆ ಹೇಳಿ.

ಈ ಲಾಂಛನದಿಂದ ಹುಟ್ಟಿದ ಒಂದು ತಪ್ಪು ತಿಳುವಳಿಕೆ ಇಂದಿಗೂ ಹೋಗಿಲ್ಲ. ಪೆಟ್ರೋಲ್ ಎಂದರೆ ಡೈನೋಸಾರ್‌ಗಳ ಕೊಳೆತ ಹೆಣ, ಆದ್ದರಿಂದ ಪ್ಲಾಸ್ಟಿಕ್ ಡೈನೋಸಾರ್ ಡೈನೋಸಾರಿನಿಂದಲೇ ಮಾಡಿದ್ದು ಎಂದು ಚಮತ್ಕಾರವಾಗಿ ಹೇಳುವವರಿದ್ದಾರೆ. ಕಲ್ಲೆಣ್ಣೆ ಬಹುಪಾಲು ಉಂಟಾದದ್ದು ಸಮುದ್ರದ ಪಾಚಿಯೇ ಮೊದಲಾದ ಅತಿ ಸೂಕ್ಷ್ಮ ಜೀವಿಗಳು ತಳದ ಕೆಸರಿನಲ್ಲಿ ಹೂತು, ಕೋಟ್ಯಂತರ ವರ್ಷ ಒತ್ತಡಕ್ಕೂ ಕಾವಿಗೂ ಸಿಕ್ಕಿದ್ದರಿಂದ.

ಇನ್ನು ಪ್ಲಾಸ್ಟಿಕ್ಕಿನ ಕಾಲಕ್ಕೆ ಬರೋಣ. ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯ ಪ್ರಯೋಗಶಾಲೆಯಲ್ಲಿ 1933ರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನ್ ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ತಂತಿಗಳ ಹೊದಿಕೆಗೆ ಬಳಕೆಯಾಯಿತು. ಯುದ್ಧ ಮುಗಿದ ಮೇಲೆ ಬಕೆಟು, ಬಾಟಲಿ, ಆಟಿಕೆಗಳಿಗೆ ಇಳಿಯಿತು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ, ತಣಿದೊಡನೆ ಹೊರಕ್ಕೆ ತಳ್ಳುವುದು ವಿಧಾನ. ಈ ವ್ಯಾಪಾರದ ಗುಟ್ಟೆಲ್ಲ ಇರುವುದು ಅಚ್ಚಿನಲ್ಲಿ. ಅದನ್ನು ಕಡೆಯುವುದಕ್ಕೆ ನುರಿತ ಕೈಯೂ ಭಾರಿ ಹಣವೂ ಬೇಕು. ಒಮ್ಮೆ ಕಡೆದಾದರೆ ಲಕ್ಷಗಟ್ಟಲೆ ಬೊಂಬೆಗಳನ್ನು ಬಹುತೇಕ ಪ್ಲಾಸ್ಟಿಕ್ಕಿನ ಬೆಲೆಗೇ ತೆಗೆಯಬಹುದು. ಅಸಲು ಒಮ್ಮೆ ಹಾಕಿದ ಮೇಲೆ ಮತ್ತೆಲ್ಲ ಬಡ್ಡಿ ಎಂದು ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳಬಹುದು. ಆದ್ದರಿಂದಲೇ ಅಚ್ಚುಗಳನ್ನು ಯಾರೂ ಎಸೆಯುವುದಿಲ್ಲ. ಮಾರುತ್ತಾರೆ, ಅಡವಿಡುತ್ತಾರೆ, ದೇಶದಿಂದ ದೇಶಕ್ಕೆ ಸಾಗಿಸುತ್ತಾರೆ.

ಈ ಗುಟ್ಟನ್ನು ಚೆನ್ನಾಗಿ ಅರಿತವನು ಅಮೆರಿಕದ ಲೂಯಿ ಮಾರ್ಕ್ಸ್. ಒಂದೇ ಅಚ್ಚಿನ ಮಾಲನ್ನು ಹತ್ತು ಬಗೆಯ ಪೆಟ್ಟಿಗೆಗಳಲ್ಲಿ ಹಾಕಿ, ಆದಷ್ಟು ಅಗ್ಗವಾಗಿ ಮಾರುವುದು ಅವನ ಮಾರ್ಗ. 1955ರಲ್ಲಿ ‘ಟೈಮ್’ ಪತ್ರಿಕೆ ಅವನ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಅದೇ ವರ್ಷ ಅವನ ಕಂಪೆನಿಯಿಂದ ಪ್ಲಾಸ್ಟಿಕ್ ಡೈನೋಸಾರ್‌ಗಳ ಮೊದಲ ತಂಡ ಹೊರಬಂತು. ಅವಕ್ಕೆ ರೂಪ ಬಂದದ್ದೆಲ್ಲಿಂದ ಎಂಬುದು ಸ್ವಾರಸ್ಯವಾದ ಕಥೆ. ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಮ್ಯೂಸಿಯಮ್ಮಿನ ಗೋಡೆಯ ಮೇಲೆ ರುಡಾಲ್ಫ್ ಜಾಲಿಂಜರ್ ಎಂಬ ಕಲಾವಿದ 1943ರಿಂದ 1947ರ ವರೆಗೆ ದುಡಿದು 110 ಅಡಿ ಉದ್ದದ ಒಂದು ಚಿತ್ರ ಬರೆದಿದ್ದ. 1953ರ ಸೆಪ್ಟೆಂಬರಿನಲ್ಲಿ ‘ಲೈಫ್’ ಪತ್ರಿಕೆ ಅದನ್ನು ಬಣ್ಣದಲ್ಲಿ ಪ್ರಕಟಿಸಿ ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಪತ್ರಿಕೆಯಲ್ಲಿ ಬಂದದ್ದು ಗೋಡೆಯ ಮೇಲಿನ ಚಿತ್ರವೂ ಆಗಿರಲಿಲ್ಲ, ಅದಕ್ಕಾಗಿ ಮೊದಲು ಮಾಡಿಕೊಂಡಿದ್ದ ಪೂರ್ವಸಿದ್ಧತೆಯ ಸಣ್ಣ ಚಿತ್ರ. ಅದರಲ್ಲಿ ಟಿರನೋಸಾರಸ್ಸಿಗೆ ದೊಡ್ಡ ಬೊಜ್ಜು. ನೆಟ್ಟಗೆ ನಿಂತು ಬಾಲವನ್ನು ನೆಲಕ್ಕೆ ಊರಿದೆ. ಮಾರ್ಕ್ಸನ ಟಿರನೋಸಾರಸ್ಸಿಗೂ ಅದೇ ಬೊಜ್ಜು, ಅದೇ ಬಾಲ. ಬಾಲ ನೆಲಕ್ಕಿದ್ದರೆ ಬೊಂಬೆ ಮೂರು ಕಾಲಿನ ಮುಕ್ಕಾಲಿಯಂತೆ ಬೀಳದೆ ನಿಲ್ಲುತ್ತದೆ ಎಂಬ ಅನುಕೂಲವೂ ಇತ್ತು. ಬಾಲವೆತ್ತಿ ಮೈಯನ್ನು ಅಡ್ಡಲಾಗಿ ಹಿಡಿದು ಓಡಾಡುತ್ತಿತ್ತೆಂದು ವಿದ್ವಾಂಸರು ಒಪ್ಪಿದ ಮೇಲೂ ಅಗ್ಗದ ಬೊಂಬೆ ಬಾಲವೂರಿ ನಿಂತಿರುವುದಕ್ಕೆ ಇದೂ ಒಂದು ಕಾರಣ. ಎರಡು ಕಾಲಿನ ಮೇಲೆ ಸರಿಯಾಗಿ ತೂಗಿ ನಿಲ್ಲುವ ಬೊಂಬೆ ಮಾಡುವುದು ದುಬಾರಿ.

ಮಾರ್ಕ್ಸನ ಪೆಟ್ಟಿಗೆಯಲ್ಲಿ ಡೈನೋಸಾರ್‌ಗಳ ಜೊತೆಗೆ ಗುಹಾಮಾನವರೂ ಇದ್ದರು. ಅವರಿಬ್ಬರ ನಡುವೆ ಆರೂವರೆ ಕೋಟಿ ವರ್ಷಗಳ ಅಂತರವಿದೆ ಎಂಬುದು ಆಟವಾಡುವ ಮಗುವಿಗೆ ಬೇಡದ ಸಂಗತಿ. ಬೆನ್ನಿನ ಮೇಲೆ ಹಾಯಿಯಂಥ ಪಟವುಳ್ಳ ಡಿಮೆಟ್ರೊಡಾನ್ ಅಂದಿನಿಂದ ಇಂದಿನವರೆಗೆ ಬಹುತೇಕ ಪ್ರತಿ ಚೀಲದಲ್ಲಿಯೂ ಇರುತ್ತದೆ. ಅದು ಡೈನೋಸಾರ್‌ಗಳಿಗಿಂತ ನಾಲ್ಕೈದು ಕೋಟಿ ವರ್ಷ ಹಿಂದಿನದು, ಸಂಬಂಧದಲ್ಲಿ ಅವುಗಳಿಗಿಂತ ನಮಗೇ ಹತ್ತಿರ. ಅಚ್ಚಿನಲ್ಲಿ ಸೇರಿದ ಮೇಲೆ ಅದು ಡೈನೋಸಾರೇ ಆಯಿತು.

1972ರಲ್ಲಿ ಮಾರ್ಕ್ಸ್ ತನ್ನ ಕಂಪೆನಿಯನ್ನು ಓಟ್ಸ್ ಮಾರುವ ಕ್ವೇಕರ್ ಕಂಪೆನಿಗೆ ಕೊಟ್ಟ. ಅವರಿಂದ ಒಂದು ಇಂಗ್ಲಿಷ್ ಕಂಪೆನಿಗೆ ಹೋಗಿ 1980ರಲ್ಲಿ ಅದು ದಿವಾಳಿಯಾಯಿತು. ಕೆಲವು ಅಚ್ಚುಗಳು ಮೆಕ್ಸಿಕೋದಲ್ಲಿ ಮತ್ತೆ ಕೆಲಸಕ್ಕೆ ಕುಳಿತವು.

ಅಷ್ಟರಲ್ಲಿ ಪ್ರತಿಗಳ ದೊಡ್ಡ ಪ್ರವಾಹವೇ ಹಾಂಗ್‌ಕಾಂಗಿನಿಂದ ಹೊರಟಿತ್ತು. ಚೀನಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಜನ, ಅವರೊಂದಿಗೆ ಬಂದ ಬಂಡವಾಳ, ಇವೆರಡೂ ಸೇರಿ 1950ರ ನಂತರ ಆ ಪುಟ್ಟ ವಸಾಹತನ್ನು ಪ್ಲಾಸ್ಟಿಕ್ ಸಾಮಾನಿನ ಕಣಜವಾಗಿ ಮಾಡಿದವು. 1970ರ ದಶಕದ ಆರಂಭಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಆಟಿಕೆ ರಫ್ತು ಮಾಡುತ್ತಿದ್ದುದು ಹಾಂಗ್‌ಕಾಂಗ್. ಕೆಲಸವೆಲ್ಲ ಕಾರ್ಖಾನೆಯೊಳಗೇ ನಡೆಯುತ್ತಿರಲಿಲ್ಲ. ಪ್ಲಾಸ್ಟಿಕ್ ಹೂವಿಗೆ ಎಸಳು ಜೋಡಿಸುವುದು, ಬೊಂಬೆಗೆ ಕಣ್ಣು ಬರೆಯುವುದು ಮೊದಲಾದುವನ್ನು ಹೆಂಗಸರೂ ಮಕ್ಕಳೂ ಮನೆಗೆ ಒಯ್ದು, ತುಂಡಿಗಿಷ್ಟು ಎಂಬ ಕೂಲಿಗೆ ಮಾಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲೆ ತೂಗಿ ಕೊಡುವುದು, ಕಟ್ಟಿದ್ದನ್ನು ಎಣಿಸುವುದು, ಸರಿಯಿಲ್ಲವೆಂದು ಒಂದಷ್ಟನ್ನು ಬದಿಗೆ ಸರಿಸುವುದು ಎಲ್ಲ ಕಡೆಯೂ ಒಂದೇ ರೀತಿ. ಟಿರನೋಸಾರಸ್ಸಿನ ಕಣ್ಣಿಗೆ ಹಾಕಿದ ಕೆಂಪು ಚುಕ್ಕೆ ಕಣ್ಣಿನಿಂದ ಅರ್ಧ ಅಂಗುಲ ಆಚೆ ಬಿದ್ದಿರುವ ಬೊಂಬೆಗಳು ನನ್ನಲ್ಲಿ ಹಲವಿವೆ. ಕೂಡಿಸುವವರು ನಗುವುದುಂಟು. ಎಷ್ಟನೆಯ ಗಂಟೆಯಲ್ಲಿ, ಎಷ್ಟು ಸಾವಿರದ ಬೊಂಬೆಗೆ ಆ ಚುಕ್ಕೆ ಬಿದ್ದಿತೋ ಎಂದು ಯೋಚಿಸಿದರೆ ನನಗೆ ನಗು ಬರುವುದಿಲ್ಲ.

ಪ್ರತಿ ಮಾಡುವುದಕ್ಕೆ ಅವರು ಅಮೆರಿಕದ ಬೊಂಬೆಯಿಂದಲೇ ಅಚ್ಚು ತೆಗೆಯುತ್ತಿದ್ದರು. ಪ್ಲಾಸ್ಟಿಕ್ ತಣಿಯುವಾಗ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ರತಿ ಮೂಲಕ್ಕಿಂತ ಒಂದು ಕೂದಲೆಳೆ ಚಿಕ್ಕದು, ಪ್ರತಿಯ ಪ್ರತಿ ಇನ್ನೂ ಚಿಕ್ಕದು. ಚರ್ಮದ ಸುಕ್ಕು, ಉಗುರು, ಹಲ್ಲು ಒಂದೊಂದು ತಲೆಮಾರಿಗೂ ಮೊಂಡಾಗುತ್ತ ಬರುತ್ತವೆ. ಇದನ್ನು ಗುರುತಿಸುವುದು ನನ್ನ ಕಸುಬಿಗೆ ಹತ್ತಿರದ ಕೆಲಸ. ಚೆಕ್ಕಿನ ಸಹಿಯನ್ನು ಕಾರ್ಡಿನ ಸಹಿಯೊಂದಿಗೆ ಹೋಲಿಸಿ ನೋಡಿದವರಿಗೆ ಗೊತ್ತು: ಬೇರೆಯವರ ಸಹಿ ಹಾಕುವವನ ಕೈ ಆಕಾರವನ್ನು ಹಿಡಿಯುತ್ತದೆ, ಓಟವನ್ನು ಹಿಡಿಯುವುದಿಲ್ಲ. ಮೂಲದಲ್ಲಿ ಒಂದೇ ಬೀಸಿಗೆ ಬಂದ ಗೆರೆ ನಕಲಿನಲ್ಲಿ ತಡವರಿಸುತ್ತದೆ. ಮೂರು ಟ್ರೈಸೆರಾಟಾಪ್ಸ್‌ಗಳನ್ನು ಸಾಲಾಗಿ ಇಟ್ಟು ಅಜ್ಜ, ಮಗ, ಮೊಮ್ಮಗ ಯಾರೆಂದು ಈ ಲಕ್ಷಣದಿಂದ ಹೇಳಬಹುದು. ಅಮೆರಿಕದ ಸಂಗ್ರಾಹಕರು ಈ ಮಾಲಿಗೆ ‘ಚೈನಾಸಾರ್’ ಎಂದು ಅರ್ಧ ತಿರಸ್ಕಾರದ, ಅರ್ಧ ಮುದ್ದಿನ ಹೆಸರಿಟ್ಟಿದ್ದಾರೆ.

ಹೊಟ್ಟೆಯಡಿಯ ಹೆಸರುಗಳಿಗೂ ಇದೇ ಗತಿ. ಇಂಗ್ಲಿಷ್ ಬಾರದ ಕೈಗಳು ಇಂಗ್ಲಿಷ್ ಅಕ್ಷರಗಳನ್ನು ಚಿತ್ರದಂತೆ ನೋಡಿ ಕಡೆದಾಗ ಒಂದು ಅಕ್ಷರ ಬಿದ್ದುಹೋಗುತ್ತದೆ, ಒಂದು ತಿರುಗಿ ನಿಲ್ಲುತ್ತದೆ, ಸ್ಟೆಗೋಸಾರಸ್ಸಿನ ಹೊಟ್ಟೆಗೆ ಇನ್ನಾವುದರದೋ ಹೆಸರು ಬರುತ್ತದೆ. ಗಡಿನಾಡಿನವರಾದ ನಮಗೆ ಇದೇನೂ ಹೊಸತಲ್ಲ. ಮಂಜೇಶ್ವರದ ಕೊನೆಗೊಂದು ‘ಮ್’ ಸೇರಿ ಮಂಜೇಶ್ವರಂ ಆದದ್ದನ್ನು ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುತ್ತೇವೆ. ಊರಿಗೆ ಅದರಿಂದ ನೋವಾಗುತ್ತದೆಯೋ ಇಲ್ಲವೋ, ಊರವನಿಗೆ ಆಗುತ್ತದೆ. ಬೊಂಬೆಯ ಹೆಸರು ಕೆಟ್ಟರೆ ನೋಯುವವರು ಯಾರೂ ಇಲ್ಲ ಎಂಬುದೊಂದೇ ವ್ಯತ್ಯಾಸ.

ಇಂಥ ಕೆಟ್ಟ ಪ್ರತಿಗಳಿಂದಲೇ ಒಂದು ಹೊಸ ಸೃಷ್ಟಿಯೂ ನಡೆಯಿತು. ಹಾಂಗ್‌ಕಾಂಗಿನ ಕಾರ್ಖಾನೆಗಳು ‘ಪ್ರಾಗೈತಿಹಾಸಿಕ ಪ್ರಾಣಿಗಳು’ ಎಂಬ ಚೀಟಿಯ ಚೀಲಗಳಲ್ಲಿ ಯಾವ ಕಾಲದಲ್ಲೂ ಬದುಕಿರದ ವಿಚಿತ್ರ ಮೃಗಗಳನ್ನೂ ಸೇರಿಸುತ್ತಿದ್ದವು. ಅವು 1966ರಲ್ಲಿ ಆರಂಭವಾದ ಜಪಾನಿನ ‘ಅಲ್ಟ್ರಾಮ್ಯಾನ್’ ಟೆಲಿವಿಷನ್ ಕಥೆಗಳ ರಾಕ್ಷಸರನ್ನು ನೋಡಿ ಮಾಡಿದವು. ಅಂಥದೊಂದು ಚೀಲ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಎಂಬವನ ಕೈಗೆ ಸಿಕ್ಕಿತು. ಅವನು 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದವರಲ್ಲಿ ಒಬ್ಬ. ಹೆಸರೇ ಇಲ್ಲದ ಆ ಬೊಂಬೆಗಳನ್ನು ಮೇಜಿನ ಮೇಲೆ ಇಟ್ಟು ಅವನು ಕಬ್ಬಿಣ ತಿನ್ನುವ ಮೃಗ, ನೆಲದಡಿ ಈಜುವ ಮೃಗ, ಗೂಬೆಮೋರೆಯ ಕರಡಿ ಎಂದೆಲ್ಲ ಕಥೆ ಕಟ್ಟಿದ. ಜಗತ್ತಿನ ಲಕ್ಷಾಂತರ ಜನ ಇಂದು ಆ ಮೃಗಗಳೊಡನೆ ಆಡುತ್ತಾರೆ. ಮೊದಲ ಬೊಂಬೆಗಳನ್ನು ಕಡೆದವನ ಹೆಸರು ಯಾವ ಹೊಟ್ಟೆಯಡಿಯೂ ಇಲ್ಲ.

1978ರ ನಂತರ ಚೀನಾ ಬಾಗಿಲು ತೆರೆಯಿತು. 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯವಾಯಿತು. ಹಾಂಗ್‌ಕಾಂಗಿನ ಧಣಿಗಳು ಅಚ್ಚುಗಳನ್ನು ಗಡಿಯಾಚೆಗೆ ಸಾಗಿಸಿದರು. ಹೊಟ್ಟೆಯಡಿಯ ‘ಹಾಂಗ್‌ಕಾಂಗ್’ ಅಳಿದು ‘ಚೈನಾ’ ಬಂತು. ಕೆಲವದರಲ್ಲಿ ಹಳೆಯ ಹೆಸರನ್ನು ತುಂಬಿ ಮುಚ್ಚಿದ ಚಪ್ಪಟೆ ಗುರುತು ಇಂದಿಗೂ ಬೆರಳಿಗೆ ಸಿಗುತ್ತದೆ. ಶಾಂತೌ ನಗರದ ಚೆಂಗ್‌ಹಾಯ್ ಪ್ರದೇಶ ಆಟಿಕೆಯಿಂದಲೇ ಬದುಕುವ ಊರಾಯಿತು.

1993 ಎಂದೊಡನೆ ಡೈನೋಸಾರ್ ಪ್ರಿಯರೆಲ್ಲ ‘ಜುರಾಸಿಕ್ ಪಾರ್ಕ್’ ಚಿತ್ರವನ್ನು ನೆನೆಯುತ್ತಾರೆ. ಜೂನ್ ತಿಂಗಳಲ್ಲಿ ಅದು ಬಿಡುಗಡೆಯಾಯಿತು, ಆಟಿಕೆಯ ಮಾರುಕಟ್ಟೆ ಉಕ್ಕಿ ಹರಿಯಿತು, ಮುಂದಿನ ವರ್ಷ ಚಿತ್ರ ಹಿಂದಿಯಲ್ಲಿಯೂ ಬಂದ ಮೇಲೆ ನಮ್ಮ ಸಂತೆಗಳಲ್ಲಿ ಹಲ್ಲಿಯಾಕಾರದ ಬೊಂಬೆಗೆಲ್ಲ ‘ಜುರಾಸಿಕ್’ ಎಂಬ ಒಂದೇ ಹೆಸರಾಯಿತು. ಆದರೆ ಆಟಿಕೆಯ ಚರಿತ್ರೆಯಲ್ಲಿ ಆ ವರ್ಷಕ್ಕೆ ಇನ್ನೆರಡು ತಾರೀಕುಗಳಿವೆ. ಮೇ 10ರಂದು ಥಾಯ್ಲೆಂಡಿನ ಕೇಡರ್ ಎಂಬ ಬೊಂಬೆ ಕಾರ್ಖಾನೆಗೆ ಬೆಂಕಿ ಬಿದ್ದು 188 ಜನ ಸತ್ತರು. ನವೆಂಬರ್ 19ರಂದು ಶೆನ್‌ಜೆನ್‌ನ ಝಿಲಿ ಆಟಿಕೆ ಕಾರ್ಖಾನೆಯಲ್ಲಿ ಬೆಂಕಿ ಎದ್ದು 80ಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆ ಸತ್ತವರಲ್ಲಿ ಬಹುಪಾಲು ಹಳ್ಳಿಗಳಿಂದ ದುಡಿಯಲು ಬಂದ ಹೆಣ್ಣುಮಕ್ಕಳು. ಎರಡೂ ಕಡೆ ಹೊರಬರುವ ಬಾಗಿಲುಗಳಿಗೆ ಬೀಗ ಬಿದ್ದಿತ್ತು, ಮಾಲು ಕಳವಾಗಬಾರದೆಂದು. ಅಲ್ಲಿ ತಯಾರಾಗುತ್ತಿದ್ದುದು ಬೇರೆ ಬಗೆಯ ಬೊಂಬೆಗಳೆಂಬುದು ನಿಜ. ಆದರೂ ‘ಅಗ್ಗ’ ಎಂಬ ಪದವನ್ನು ಈ ಲೇಖನದಲ್ಲಿ ಇಷ್ಟು ಸಲ ಬಳಸಿದ ಮೇಲೆ, ಉಳಿಸಿದ ಕಾಸನ್ನು ಯಾರ ಖಾತೆಯಿಂದ ತೆಗೆದದ್ದು ಎಂದೂ ಬರೆಯಬೇಕಾಗುತ್ತದೆ.

ಎಲ್ಲ ಬೊಂಬೆಗಳೂ ಅಡ್ಡಹೆಸರಿನವಲ್ಲ. ಇಂಗ್ಲೆಂಡಿನ ಲೆಸ್ಟರ್ ಬಳಿಯ ಇನ್ವಿಕ್ಟಾ ಪ್ಲಾಸ್ಟಿಕ್ಸ್ ಎಂಬ ಕಂಪೆನಿ, ‘ಮಾಸ್ಟರ್‌ಮೈಂಡ್’ ಎಂಬ ಬಣ್ಣದ ಗೂಟಗಳ ಆಟವನ್ನು ಮಾರಿದ್ದೂ ಅದೇ, 1974ರಿಂದ ಲಂಡನ್ನಿನ ಪ್ರಕೃತಿ ಚರಿತ್ರೆಯ ಮ್ಯೂಸಿಯಮ್ಮಿಗಾಗಿ ಒಂದು ಮಾಲೆಯನ್ನು ಹೊರತಂದಿತು. ಒಂದೇ ಬಣ್ಣ, ಒಂದೇ ಅಳತೆ: ನಿಜವಾದ ಪ್ರಾಣಿಯ ನಲವತ್ತೈದನೆಯ ಒಂದಂಶ. ಅಳತೆ ಒಂದೇ ಆದುದರಿಂದ ಸಾಲಿನಲ್ಲಿ ಇಟ್ಟರೆ ಯಾವುದು ಎಷ್ಟು ದೊಡ್ಡದೆಂದು ಮಗುವಿಗೆ ತಾನೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಕಂಡಿಲ್ಲ. 1988ರಲ್ಲಿ ಅಮೆರಿಕದ ಸಫಾರಿ ಕಂಪೆನಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮ್ಯೂಸಿಯಮ್ಮಿನೊಡನೆ ಕೂಡಿ ನಲವತ್ತನೆಯ ಒಂದಂಶದ ಬಣ್ಣದ ಮಾಲೆ ಆರಂಭಿಸಿ 2015ರ ವರೆಗೆ ನಡೆಸಿತು. ಇಲ್ಲಿ ಶಿಲ್ಪಿಗೊಂದು ಹೆಸರಿದೆ, ಫಾರೆಸ್ಟ್ ರಾಜರ್ಸ್. 1994ರಲ್ಲಿ ಬಾಸ್ಟನ್ನಿನ ವಿಜ್ಞಾನ ಮ್ಯೂಸಿಯಮ್ಮಿಗಾಗಿ ಬಟಾಟ್ ಕಂಪೆನಿ ಮಾಡಿದ ಬೊಂಬೆಗಳನ್ನು ಇನ್ನೂ ಮೇಲೆಂದು ಎಣಿಸುವವರಿದ್ದಾರೆ.

ಈ ಮಾಲೆಗಳು ಬರುವ ಕಾಲಕ್ಕೆ ವಿಜ್ಞಾನವೂ ಮಗ್ಗುಲು ಬದಲಿಸಿತ್ತು. ಜಾನ್ ಆಸ್ಟ್ರಮ್ 1969ರಲ್ಲಿ ಡೈನೋನಿಕಸ್ ಎಂಬ ಚುರುಕು ಪ್ರಾಣಿಯನ್ನು ವರ್ಣಿಸಿದ ಮೇಲೆ ಡೈನೋಸಾರ್ ಎಂದರೆ ಜಡಭರತ ಎಂಬ ಕಲ್ಪನೆ ಅಲುಗಿತು. ಪಿಟ್ಸ್‌ಬರ್ಗಿನ ಅಪಾಟೋಸಾರಸ್ಸಿಗೆ 1932ರಿಂದ ಇನ್ನೊಂದು ಪ್ರಾಣಿಯ ಮೊಂಡು ತಲೆ ಕೂರಿಸಿದ್ದರು. 1979ರಲ್ಲಿ ಅದನ್ನು ತೆಗೆದು ಸರಿಯಾದ ಉದ್ದ ಮೋರೆಯ ತಲೆ ಇಟ್ಟರು. ಲಂಡನ್ನಿನ ಡಿಪ್ಪಿಯ ನೆಲಕ್ಕೆ ಬಿದ್ದಿದ್ದ ಬಾಲವನ್ನು 1993ರಲ್ಲಿ ಮೇಲಕ್ಕೆತ್ತಿದರು. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತದಲ್ಲಿ ಮೈಮೇಲೆ ತುಪ್ಪುಳಿದ್ದ ಸೈನೊಸಾರಾಪ್ಟೆರಿಕ್ಸ್ ಸಿಕ್ಕಿತು. ಅದೇ ದೇಶದ ದಕ್ಷಿಣದ ಕಾರ್ಖಾನೆಗಳಲ್ಲಿ ಮಾತ್ರ ತುಪ್ಪುಳಿಲ್ಲದ, ಬೊಜ್ಜಿನ, ಬಾಲವೂರಿದ, ಮೊಂಡುತಲೆಯ 1955ರ ಪ್ರಾಣಿಗಳು ಹೊರಬರುತ್ತಲೇ ಇದ್ದವು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಪಿ.ಎನ್.ಎಸ್.ಒ.ದಂಥ ಕಂಪೆನಿಗಳು ಯಾವ ಮ್ಯೂಸಿಯಮ್ಮಿಗೂ ಕಡಿಮೆಯಿಲ್ಲದ ಶಿಲ್ಪಗಳನ್ನು ಮಾಡುತ್ತಿವೆ. ಚೈನಾಸಾರ್ ಎಂದು ಮೂಗೆಳೆದವರೇ ಈಗ ಅವಕ್ಕೆ ಹೆಚ್ಚಿನ ಬೆಲೆ ಕೊಡುತ್ತಿದ್ದಾರೆ.

ಬೊಂಬೆ ಕೂಡಿಸುವ ಹುಚ್ಚಿರುವ ಓದುಗರಿಗಾಗಿ ಎರಡು ಮಾತು. ಗಟ್ಟಿ ಬೊಂಬೆಯನ್ನು ಬಕೆಟ್ ನೀರಿಗೆ ಹಾಕಿ: ತೇಲಿದರೆ ಪಾಲಿಥೀನ್, ಮುಳುಗಿದರೆ ಹೆಚ್ಚಾಗಿ ಪಿ.ವಿ.ಸಿ. ಪಿ.ವಿ.ಸಿ.ಯನ್ನು ಮೆತ್ತಗಾಗಿಸಲು ಬೆರೆಸುವ ಥಾಲೇಟ್ ಎಂಬ ದ್ರವ ವರ್ಷಗಳ ಮೇಲೆ ಹೊರಕ್ಕೆ ಜಿನುಗಿ ಬೊಂಬೆ ಬೆಲ್ಲದಂತೆ ಜಿಗುಟಾಗುತ್ತದೆ. ಅಂಥವನ್ನು ಬೇರೆ ಪ್ಲಾಸ್ಟಿಕ್ಕಿಗೆ ತಾಗದಂತೆ ಇಡಬೇಕು. ಹಳೆಯ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸವಿರುವುದುಂಟು. ನೋಡಲಿಕ್ಕೆ ಚಂದ, ಮಗುವಿನ ಬಾಯಿಗೆ ಅಲ್ಲ. ಯುರೋಪ್ 2005ರಲ್ಲಿ ಆಟಿಕೆಗಳಲ್ಲಿ ಕೆಲವು ಥಾಲೇಟ್‌ಗಳನ್ನು ಕಾಯಂ ಆಗಿ ನಿಷೇಧಿಸಿತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯ, ಆಮದು ಸುಂಕವನ್ನೂ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಹಾಗಾಗಿ ಈಚೆಗೆ ನನಗೆ ಸಂತೆಯಲ್ಲಿ ‘ಮೇಡ್ ಇನ್ ಇಂಡಿಯಾ’ ಎಂಬ ಹೊಟ್ಟೆಬರಹದ ಪ್ರಾಣಿಗಳೂ ಸಿಗುತ್ತಿವೆ. ದೇಶ ನಮ್ಮದು, ಬೊಜ್ಜೂ ಬಾಲವೂ ಹಳೆಯವೇ.

ಪ್ರಾಣಿಗಳು ಮಾತ್ರ ನಮ್ಮವಲ್ಲ. ಏಷ್ಯಾದಲ್ಲೇ ಮೊದಲ ಡೈನೋಸಾರ್ ಎಲುಬುಗಳು ದೊರೆತದ್ದು 1828ರಲ್ಲಿ ಜಬಲ್ಪುರದಲ್ಲಿ, ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ. ಆಗ ‘ಡೈನೋಸಾರ್’ ಎಂಬ ಪದವೇ ಹುಟ್ಟಿರಲಿಲ್ಲ. ಗೋದಾವರಿ ಕಣಿವೆಯಲ್ಲಿ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು ಅಗೆದು ತೆಗೆದ ದೊಡ್ಡ ಪ್ರಾಣಿಗೆ 1975ರಲ್ಲಿ ‘ಬರಪಾಸಾರಸ್ ಟಾಗೋರಿ’ ಎಂದು ಹೆಸರಿಟ್ಟರು. ಬಂಗಾಳಿಯಲ್ಲಿ ದೊಡ್ಡ ಕಾಲಿನದು ಎಂದರ್ಥ, ಜೊತೆಗೆ ಕವಿ ರವೀಂದ್ರರ ನೆನಪು. ಅದರ ತೊಡೆಯ ಮೂಳೆಯೊಂದೇ 1.7 ಮೀಟರ್ ಉದ್ದ. ನರ್ಮದೆಯ ತೀರದ ರಾಜಾಸಾರಸ್ಸಿಗೆ 2003ರಲ್ಲಿ ಹೆಸರಾಯಿತು. ನಮ್ಮ ಮುರಕಲ್ಲಿನ ನೆಲದಲ್ಲಿ ಇಂಥ ಎಲುಬು ಸಿಗುವ ಆಸೆಯಿಲ್ಲ, ಆದರೆ ಪಕ್ಕದ ತಮಿಳುನಾಡಿನಲ್ಲಿ ಸಿಕ್ಕಿದೆ. ಅರಿಯಲೂರು ಕಡೆಯ ಕಲ್ಲಮೇಡು ಎಂಬ ಹಳ್ಳಿಯ ಬಳಿ ಕಂಡ ಎಲುಬುಗಳನ್ನು ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ವರ್ಣಿಸಿ ‘ಬೃಹತ್ಕಾಯೋಸಾರಸ್’ ಎಂದು ಕರೆದರು. ಕನ್ನಡದವರಿಗೂ ಮಲಯಾಳದವರಿಗೂ ನಿಘಂಟಿಲ್ಲದೆ ಅರ್ಥವಾಗುವ ಡೈನೋಸಾರ್ ಹೆಸರು ಇದು. ಮೊದಲು ಅದನ್ನು ಮಾಂಸಾಹಾರಿ ಎಂದು ತಿಳಿದಿದ್ದರು; ಆಮೇಲೆ ಉದ್ದ ಕತ್ತಿನ ಸಸ್ಯಾಹಾರಿ ಇರಬೇಕೆಂದರು. ಮೊಣಕಾಲ ಕೆಳಗಿನ ಎಲುಬು 2 ಮೀಟರ್ ಇತ್ತೆಂದು ವರದಿ. ಅದು ನಿಜವಾದರೆ ನೆಲದ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳಲ್ಲಿ ಅದೂ ಒಂದು. ಪರೀಕ್ಷಿಸಿ ನೋಡೋಣವೆಂದರೆ ಎಲುಬೇ ಉಳಿದಿಲ್ಲ; ಹೊರತೆಗೆದ ಮೇಲೆ ಅದು ಹುಡಿಹುಡಿಯಾಗಿ ಹೋಯಿತು. ಅಗೆದ ಕಾಲದ ಛಾಯಾಚಿತ್ರಗಳು 2022ರಲ್ಲಿ ಬೆಳಕಿಗೆ ಬಂದವು.

ನ್ಯೂಯಾರ್ಕ್, ಪಿಟ್ಸ್‌ಬರ್ಗ್, ಯೇಲ್‌ಗಳ ಮ್ಯೂಸಿಯಮ್ಮುಗಳಲ್ಲಿ ಯಾವ ಪ್ರಾಣಿಗಳು ನಿಂತಿದ್ದವೋ ಅವುಗಳ ಅಚ್ಚು ಕಡೆದರು. ಆ ಅಚ್ಚುಗಳ ಸಂತತಿಯೇ ಇಂದಿಗೂ ಕುಂಬಳೆಯ ಸಂತೆಗೆ ಬರುತ್ತಿದೆ. ಇಷ್ಟು ವರ್ಷ ನಾನು ಬಿಚ್ಚಿದ ಚೀಲಗಳಲ್ಲಿ ಬರಪಾಸಾರಸ್ ಒಂದೂ ಸಿಕ್ಕಿಲ್ಲ, ಬೃಹತ್ಕಾಯೋಸಾರಸ್ ಅಂತೂ ಇಲ್ಲವೇ ಇಲ್ಲ. ಬೊಂಬೆಗಳನ್ನು ಇಡಲು ಮಾಡಿಸಿದ ಮರದ ಕಪಾಟಿನ ಕೆಳಗಿನ ಸಾಲಿನಲ್ಲಿ ಎರಡು ಗೂಡುಗಳನ್ನು ಖಾಲಿ ಬಿಟ್ಟಿದ್ದೇನೆ. ಬಲಗಡೆಯದು ಎಡಗಡೆಯದಕ್ಕಿಂತ ಎರಡರಷ್ಟು ಅಗಲವಿದೆ.